ಟೈರಿಗೊಂದು ಹಗೇವು: ಪರ್ಫಾರ್ಮೆನ್ಸ್ ಟೈರುಗಳನ್ನು ತಿಂಗಳುಗಟ್ಟಲೆ ಕೆಡದಂತೆ ಇಡುವ ಬಗೆ

ಟೈರನ್ನು ಬಿಚ್ಚಿ ಎತ್ತಿಡುವುದು ಹೇಗೆಂದು ಹುಡುಕಿದರೆ ಸಿಗುವ ಸಲಹೆಗಳೆಲ್ಲ ಹಿಮ ಬೀಳುವ ದೇಶದವು. ನವೆಂಬರಿನಲ್ಲಿ ಬೇಸಿಗೆ ಟೈರು ಬಿಚ್ಚಿ, ಚಳಿಗಾಲದ ಟೈರು ಹಾಕಿ, ಏಪ್ರಿಲಿನಲ್ಲಿ ಮತ್ತೆ ಬದಲಿಸಿ ಎನ್ನುತ್ತವೆ. ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಕೂತು ಅದನ್ನು ಹಾಗೆಯೇ ಪಾಲಿಸಿದರೆ ಟೈರು ಕೆಡುತ್ತದೆ. ನಮ್ಮ ಮಾಗಿಯ ಚಳಿ ಹತ್ತು ಹನ್ನೆರಡು ಡಿಗ್ರಿಗಿಂತ ಕೆಳಗೆ ಇಳಿಯುವುದೇ ಅಪರೂಪ. ರಬ್ಬರಿಗೆ ಅದು ತೊಂದರೆಯಲ್ಲ, ವರ್ಷದಲ್ಲೇ ಅತ್ಯಂತ ಹಿತವಾದ ಕಾಲ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋದ ಮೇಲೆ ಬರುತ್ತದಲ್ಲ, ತಗಡಿನ ಶೀಟು ಕಾದು ಸೀಳುವಂಥ ಬಿಸಿಲು, ನಾವು ಟೈರನ್ನು ಕಾಪಾಡಬೇಕಾದದ್ದು ಅದರಿಂದ.

ಪರ್ಫಾರ್ಮೆನ್ಸ್ ಟೈರು ಎಂದರೆ ವೇಗಕ್ಕೂ ಹಿಡಿತಕ್ಕೂ ಎಂದೇ ಮಾಡಿದ ಟೈರು. ಈ ಮಾರ್ಗದರ್ಶಿ ಯಾರಿಗೆ? ವರ್ಟಸ್ ಜಿಟಿ, ಐ20 ಎನ್ ಲೈನ್, ಆಕ್ಟೇವಿಯಾ ವಿಆರ್‌ಎಸ್ ಥರದ ಕಾರಿಗೆ ಎರಡು ಸೆಟ್ ಟೈರು ಇಟ್ಟುಕೊಂಡವರಿಗೆ: ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಅಥವಾ ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಒಂದು ಸೆಟ್, ಊರಿನ ರಸ್ತೆಗೆ ಇನ್ನೊಂದು. ಅಲಾಯ್ (ಮಿಶ್ರಲೋಹದ ರಿಮ್) ಬದಲಿಸಿ ಹಳೆಯ ಸೆಟ್ ಮನೆಯಲ್ಲಿಟ್ಟವರಿಗೆ. ಕೆಲಸದ ಮೇಲೆ ಹೊರದೇಶದಲ್ಲಿದ್ದು ವರ್ಷಕ್ಕೊಮ್ಮೆ ಬಂದು ಕಾರು ತೆಗೆಯುವವರಿಗೂ ಕೂಡ. ಒಳ್ಳೆಯ ನಾಲ್ಕು ಟೈರು ಎಂದರೆ ಮೂವತ್ತು ನಲವತ್ತು ಸಾವಿರ ರೂಪಾಯಿಯ ಬಾಬತ್ತು. ಅದು ಓಡದೆಯೇ ಹಾಳಾಗುವುದು ನ್ಯಾಯವಲ್ಲ.

ಕೆಡುವುದು ಹೇಗೆ

ಟೈರು ಸತ್ತ ವಸ್ತುವಲ್ಲ. ಕಾರ್ಖಾನೆಯಿಂದ ಬಂದ ದಿನದಿಂದ ಅದರೊಳಗೆ ರಾಸಾಯನಿಕ ಕ್ರಿಯೆ ನಡೆಯುತ್ತಲೇ ಇರುತ್ತದೆ. ಇದರ ಹಿಂದೆ ಇರುವವು ಮುಖ್ಯವಾಗಿ ಮೂರು: ಶಾಖ, ಬೆಳಕು ಮತ್ತು ಓಝೋನ್.

ಶಾಖದ ಲೆಕ್ಕ ಸುಲಭ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಸರಿಸುಮಾರು ಎರಡು ಪಟ್ಟಾಗುತ್ತದೆ ಎಂಬುದು ರಸಾಯನಶಾಸ್ತ್ರದಲ್ಲಿ ರೂಢಿಯಲ್ಲಿರುವ ಅಂದಾಜು. 25 ಡಿಗ್ರಿಯ ಕೋಣೆಯಲ್ಲಿ ಒಂದು ತಿಂಗಳಲ್ಲಿ ಆಗುವ ಮುಪ್ಪು, 45 ಡಿಗ್ರಿಯ ತಗಡಿನ ಶೆಡ್ಡಿನಲ್ಲಿ ವಾರದಲ್ಲಿ ಆಗುತ್ತದೆ. ರಬ್ಬರ್ ಸಾಮಾನುಗಳನ್ನು ಇಡುವ ಬಗೆಗಿನ ಐಎಸ್‌ಒ 2230 ಮಾನದಂಡವೂ 25 ಡಿಗ್ರಿಯ ಒಳಗೇ ಇಡಿ ಎನ್ನುತ್ತದೆ.

ಓಝೋನ್ ಸ್ವಲ್ಪ ಸೂಕ್ಷ್ಮ. ಗಾಳಿಯ ಹತ್ತು ಕೋಟಿ ಭಾಗದಲ್ಲಿ ಅದು ಕೆಲವೇ ಭಾಗ ಇದ್ದರೂ ಸಾಕು, ರಬ್ಬರಿನ ಅಣುಸರಪಳಿಯನ್ನು ಕತ್ತರಿಸುತ್ತದೆ. ಆದರೆ ಎಲ್ಲೆಡೆ ಒಂದೇ ಸಮ ಕತ್ತರಿಸುವುದಿಲ್ಲ, ರಬ್ಬರ್ ಎಳೆದುಕೊಂಡಿರುವ ಕಡೆಯೇ ಅದಕ್ಕೆ ದಾರಿ. ಎರಡು ರಬ್ಬರ್ ಬ್ಯಾಂಡ್ ತೆಗೆದುಕೊಳ್ಳಿ. ಒಂದನ್ನು ಡಬ್ಬಿಯ ಮೇಲೆ ಬಿಗಿಯಾಗಿ ಎಳೆದು ಕಿಟಕಿಯ ಬಳಿ ಇಡಿ, ಇನ್ನೊಂದನ್ನು ಸಡಿಲವಾಗಿ ಡ್ರಾಯರಿನಲ್ಲಿ ಹಾಕಿ. ಕೆಲವು ವಾರ ಬಿಟ್ಟು ನೋಡಿ: ಕಿಟಕಿಯದರಲ್ಲಿ ಅಡ್ಡಡ್ಡ ಸೀಳು, ಮುಟ್ಟಿದರೆ ತುಂಡು. ಡ್ರಾಯರಿನದು ಹಾಗೇ ಇರುತ್ತದೆ. ಟೈರಿನ ಸೈಡ್‌ವಾಲಿನಲ್ಲಿ, ಅಂದರೆ ಪಕ್ಕದ ಗೋಡೆಯಲ್ಲಿ, ಬಾಗಿದ ಕಡೆಯೇ ಬಿರುಕು ಮೊದಲು ಕಾಣುವುದು ಇದೇ ಕಾರಣಕ್ಕೆ.

ಇದನ್ನು ತಡೆಯಲು ಕಂಪನಿಗಳು ರಬ್ಬರಿನೊಳಗೆ ಮೇಣವನ್ನೂ 6ಪಿಪಿಡಿ ಎಂಬ ರಾಸಾಯನಿಕವನ್ನೂ ಬೆರೆಸಿರುತ್ತವೆ. ಅವು ನಿಧಾನವಾಗಿ ಒಳಗಿನಿಂದ ಮೇಲಕ್ಕೆ ಬಂದು ತೆಳುವಾದ ಪದರ ಕಟ್ಟುತ್ತವೆ. ಟೈರು ಕಂದುಬಣ್ಣಕ್ಕೆ ತಿರುಗುವುದು ಈ ಪದರದಿಂದಲೇ. ಕೊಳೆ ಎಂದುಕೊಂಡು ಬ್ರಶ್ ಹಾಕಿ ಉಜ್ಜಿ ತೆಗೆಯುವವರು ಟೈರಿನ ರಕ್ಷಾಕವಚವನ್ನೇ ತೆಗೆದಂತೆ.

ಈಗ ಒಂದು ಹೋಲಿಕೆ. ಚಿತ್ರದುರ್ಗದ ಕಡೆ ಈರುಳ್ಳಿ ಶೆಡ್ ಕಟ್ಟುವಾಗ ಸುತ್ತಲೂ ಗಾಳಿಯಾಡುವಂತೆ ಬಿದಿರೋ ಜಾಲರಿಯೋ ಬಿಡುತ್ತೇವೆ, ಈರುಳ್ಳಿಗೆ ಗಾಳಿ ಬೇಕು. ಹಿಂದೆ ಜೋಳ ತುಂಬುತ್ತಿದ್ದ ಹಗೇವು ಇದಕ್ಕೆ ತದ್ವಿರುದ್ಧ: ನೆಲದೊಳಗೆ, ಕತ್ತಲು, ತಂಪು, ಬಾಯಿ ಮುಚ್ಚಿ ಮಣ್ಣು ಮೆತ್ತಿದ್ದು. ಟೈರಿಗೆ ಬೇಕಾದದ್ದು ಈ ಹಗೇವಿನ ತರ್ಕ. ಬೀಸುವ ಗಾಳಿ ಹೊಸ ಹೊಸ ಓಝೋನನ್ನು ತಂದು ರಬ್ಬರಿಗೆ ಒಡ್ಡುತ್ತಲೇ ಇರುತ್ತದೆ. ಹಾಗಾಗಿ ಖಾಲಿ ಬಿದ್ದಿರುವ ಈರುಳ್ಳಿ ಶೆಡ್, ನೆರಳಿದ್ದರೂ, ಟೈರಿಗೆ ಕೆಟ್ಟ ಜಾಗ. (ಹೋಲಿಕೆ ತರ್ಕಕ್ಕಷ್ಟೇ. ಹಳೆಯ ಹಗೇವಿದ್ದರೆ ಅದರೊಳಗೆ ಇಳಿಯಬೇಡಿ, ಉಸಿರುಗಟ್ಟಿ ಪ್ರಾಣ ಹೋಗುವ ಅಪಾಯವಿದೆ.)

ಇಡಲು ಯೋಗ್ಯವೇ? ಮೊದಲು ನೋಡಿ

ಸೈಡ್‌ವಾಲಿನಲ್ಲಿ ಡಾಟ್ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2323 ಎಂದಿದ್ದರೆ 2023ರ ಇಪ್ಪತ್ಮೂರನೇ ವಾರ. ಒಂದು ಬದಿಯಲ್ಲಿ ಪೂರ್ತಿ ಸಾಲು ಇರದಿದ್ದರೆ ಇನ್ನೊಂದು ಬದಿ ನೋಡಿ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಒಳಹೊರಗೆ ಪರೀಕ್ಷಿಸಬೇಕು. ಹತ್ತು ವರ್ಷವಾಗಿದ್ದರೆ ಬಟನ್ (ರಸ್ತೆಗೆ ತಾಗುವ ಮೈಯ ರಬ್ಬರ್ ಉಬ್ಬು) ಎಷ್ಟೇ ಉಳಿದಿರಲಿ, ರಸ್ತೆಗೆ ತರಬಾರದು. ಬಟನ್‌ನ ಆಳ ಕಾನೂನಿನ ಪ್ರಕಾರ ಕನಿಷ್ಠ 1.6 ಮಿ.ಮೀ. ಇರಬೇಕು. ಆದರೆ 3 ಮಿ.ಮೀ.ಗಿಂತ ಕಡಿಮೆ ಉಳಿದ ಟೈರನ್ನು ಇಷ್ಟೆಲ್ಲ ಕಷ್ಟಪಟ್ಟು ಕಾಪಾಡುವುದರಲ್ಲಿ ಅರ್ಥವಿಲ್ಲ, ಮಳೆಗಾಲದ ನೀರಿನಲ್ಲಿ ಅದು ಜಾರುತ್ತದೆ. ಸೈಡ್‌ವಾಲ್ ಉಬ್ಬಿದ್ದರೆ, ದಾರ ಕಾಣುತ್ತಿದ್ದರೆ ಎತ್ತಿಡಬೇಡಿ, ಎಸೆಯಿರಿ.

ಬರಿಗೈಯಿಂದ ಒತ್ತಿ ಮೆತ್ತಗಿದೆ ಎನ್ನುವುದು ಅಂದಾಜು. ಟ್ರ್ಯಾಕ್ ಟೈರು ಇಟ್ಟುಕೊಂಡವರು ರಬ್ಬರಿನ ಗಡಸುತನ ಅಳೆಯುವ ಶೋರ್ ಎ ಡ್ಯೂರೋಮೀಟರ್ ಒಂದನ್ನು ಕೊಳ್ಳುವುದು ಒಳ್ಳೆಯದು. ಎತ್ತಿಡುವ ದಿನ ಬಟನ್‌ನ ಐದು ಕಡೆ ಒತ್ತಿ, ಸರಾಸರಿ ಬರೆದಿಡಿ, ಕೋಣೆಯ ಉಷ್ಣತೆಯನ್ನೂ ಬರೆಯಿರಿ. ತಣ್ಣಗಿರುವ ರಬ್ಬರ್ ಗಟ್ಟಿಯಾಗಿಯೇ ತೋರುತ್ತದೆ, ಆದ್ದರಿಂದ ಮುಂದೆ ಹೋಲಿಸುವಾಗ ಅದೇ ಉಷ್ಣತೆ ಇರಬೇಕು.

ಬಿಚ್ಚುವುದು

ಗುರುತು ಹಾಕಿದ ಮೇಲೆ ಬಿಚ್ಚಿ, ಬಿಚ್ಚಿದ ಮೇಲೆ ಗುರುತು ಹಾಕಲು ಕೂರಬೇಡಿ. ನಾಲ್ಕೂ ಟೈರು ಒಂದೇ ಥರ ಕಾಣುತ್ತವೆ. ಬಟನ್‌ನ ಮೇಲೆ ಸೀಮೆಸುಣ್ಣದಿಂದ "ಎಡ ಮುಂದೆ", "ಬಲ ಹಿಂದೆ" ಎಂದು ಬರೆದು, ಅದನ್ನೇ ಒಂದು ಚೀಟಿಯಲ್ಲೂ ಬರೆಯಿರಿ, ಸೀಮೆಸುಣ್ಣ ತೊಳೆಯುವಾಗ ಹೋಗುತ್ತದೆ. ತಿರುಗುವ ದಿಕ್ಕಿನ ಬಾಣ ಇರುವ ಟೈರಾದರೆ ಎಡಬಲ ಅದಲುಬದಲಾಗಬಾರದು.

ಸಮತಟ್ಟಾದ ಸಿಮೆಂಟ್ ನೆಲದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಎತ್ತುವ ಚಕ್ರದ ಮೂಲೆಗೆ ಎದುರಾದ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಚಕ್ರ ನೆಲದ ಮೇಲಿರುವಾಗಲೇ ಪ್ರತಿ ನಟ್ ಅನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್ ಏರಿಸಿ. ಮಾರುತಿ ಕಾರುಗಳಿಗೆ 19 ಮಿ.ಮೀ. ಪಾನಾ, ಹುಂಡೈಗೆ 21, ಸ್ಕೋಡಾ ಮತ್ತು ಫೋಕ್ಸ್‌ವ್ಯಾಗನ್ ಬೋಲ್ಟಿಗೆ 17. ಜಾಕ್‌ನ ಮೇಲಷ್ಟೇ ನಿಂತ ಕಾರಿನಡಿಗೆ ಕೈಕಾಲು ಹೋಗಕೂಡದು. ಬಿಚ್ಚಿದ ನಟ್‌ಗಳನ್ನು ಡಬ್ಬಿಗೆ ಹಾಕಿ ಮುಚ್ಚಿ. ಧೂಳು ಮೆತ್ತಿದ ನಟ್ ಮುಂದೆ ಸರಿಯಾದ ಟಾರ್ಕ್ (ತಿರುಗಿಸುವ ಬಲ) ತೋರಿಸುವುದಿಲ್ಲ.

ತೊಳೆಯುವುದು, ಒಣಗಿಸುವುದು

ಒಂದು ಬಕೆಟ್ ನೀರಿಗೆ ಒಂದೆರಡು ಚಮಚ ಕಾರ್ ಶಾಂಪೂ, ಮೆತ್ತನೆಯ ಬಟ್ಟೆ ಅಥವಾ ಸ್ಪಂಜು. ಇಷ್ಟೇ ಸಾಕು. ಸೀಮೆಎಣ್ಣೆ, ಪೆಟ್ರೋಲ್, ಡೀಸೆಲ್ ಒರೆಸುವುದು ಬೇಡ, ಅವು ರಬ್ಬರಿನೊಳಗೆ ಇಳಿದು ಅದನ್ನು ಉಬ್ಬಿಸುತ್ತವೆ. ಟೈರು ಹೊಳೆಯಲಿ ಎಂದು ಪಾಲಿಶ್ ಹಚ್ಚುವುದೂ ಬೇಡ. ಅಗ್ಗದ ಪಾಲಿಶ್‌ಗಳಲ್ಲಿ ಪೆಟ್ರೋಲಿಯಂ ದ್ರಾವಕ ಇರುತ್ತದೆ, ಒಳಗಿನ ಮೇಣವನ್ನು ಕರಗಿಸಿಕೊಂಡು ಹೋಗುತ್ತದೆ. ಇಡುವ ಟೈರು ಹೊಳೆದು ಯಾರಿಗೆ ಕಾಣಬೇಕು?

ಮೊದಲು ಬಟನ್‌ಗಳ ಸಂದಿಯಲ್ಲಿ ಸಿಕ್ಕ ಜಲ್ಲಿಯನ್ನು ಮೊಂಡ ಸ್ಕ್ರೂಡ್ರೈವರಿನಿಂದ ಎಬ್ಬಿಸಿ ತೆಗೆಯಿರಿ. ಆಗಲೇ ಮೊಳೆ ಸಿಕ್ಕರೂ ಸಿಗಬಹುದು. ಸಿಕ್ಕರೆ ಕೀಳಬೇಡಿ, ಸುತ್ತ ಗೆರೆ ಎಳೆದು ಪಂಚರ್ ಅಂಗಡಿಗೆ ಒಯ್ಯಿರಿ. ಬ್ರೇಕಿನ ಪುಡಿ ಅಲಾಯ್‌ನ ಒಳಬದಿಯಲ್ಲಿ ಹೆಚ್ಚು ಕೂತಿರುತ್ತದೆ. ಅದು ತೇವದ ಜೊತೆ ತಿಂಗಳುಗಟ್ಟಲೆ ಕೂತರೆ ಬಣ್ಣ ತಿನ್ನುತ್ತದೆ, ಆ ಬದಿಯನ್ನು ಮರೆಯಬೇಡಿ.

ನಮ್ಮ ಕಡೆಯ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಹಾಗೇ ಒಣಗಲು ಬಿಟ್ಟರೆ ಅಲಾಯ್ ಮೇಲೆ ಬಿಳಿ ಕಲೆ ಉಳಿಯುತ್ತದೆ. ಕೊನೆಯ ಒಂದೆರಡು ಚೊಂಬು ಮಳೆನೀರೋ ಕುಡಿಯುವ ನೀರೋ ಹಾಕಿ, ಕೂಡಲೇ ಒಣ ಬಟ್ಟೆಯಿಂದ ಒರೆಸಿ. ಬಳಿಕ ನೆರಳಿನಲ್ಲಿ 24 ಗಂಟೆ ಒಣಗಲಿ. ರಿಮ್ ಇಲ್ಲದ ಟೈರಿನ ಹೊಟ್ಟೆಯೊಳಗೆ ಸಿಕ್ಕ ನೀರು ತಾನಾಗಿ ಹೊರಬರುವುದಿಲ್ಲ, ನಿಲ್ಲಿಸಿ ಅರ್ಧ ಸುತ್ತು ಉರುಳಿಸಿ ಬಟ್ಟೆಯಿಂದ ಹೀರಿಸಬೇಕು. ಅದನ್ನು ಹಾಗೇ ಹೊರಗೆ ಬಿಟ್ಟರೆ ಟೈರಿನ ವಿಷಯ ಹಾಗಿರಲಿ, ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಂಗೈಯಗಲ ನೀರು ಸಾಕು.

ಚೀಲ ಕಟ್ಟುವುದು

ಇದನ್ನು ಬಹಳ ಜನ ಬಿಡುತ್ತಾರೆ. ಕೆಲಸದಲ್ಲೆಲ್ಲ ಹೆಚ್ಚು ಫಲ ಕೊಡುವುದು ಇದೇ. ಬೆಳಕು ದಾಟದ ಕಪ್ಪು ಪ್ಲಾಸ್ಟಿಕ್ ಚೀಲ, ಟೈರಿಗೊಂದು, ಒಳಗಿನ ಗಾಳಿ ತೆಗೆದು ಬಾಯಿ ಬಿಗಿದಿರಬೇಕು. ಹಾಗೆ ಕಟ್ಟಿದಾಗ ಓಝೋನೂ ಬರುವುದಿಲ್ಲ, ರಬ್ಬರಿನೊಳಗಿನ ಎಣ್ಣೆಯಂಶವೂ ಬೇಗ ಆರಿಹೋಗುವುದಿಲ್ಲ.

ಅಳತೆ ಮೊದಲೇ ಲೆಕ್ಕ ಹಾಕಿ. 205/55 ಆರ್ 16 ಟೈರಿನ ವ್ಯಾಸ ಹೀಗೆ ಬರುತ್ತದೆ: 205ರ ಶೇ. 55 ಎಂದರೆ 113 ಮಿ.ಮೀ., ಅದು ಮೇಲೆ ಕೆಳಗೆ ಎರಡು ಸಲ, ಜೊತೆಗೆ 16 ಇಂಚಿನ ರಿಮ್ ಅಂದರೆ 406 ಮಿ.ಮೀ. ಒಟ್ಟು ಸುಮಾರು 632. ಚೀಲವನ್ನು ಚಪ್ಪಟೆಯಾಗಿ ಹಾಸಿದಾಗ ಅದರ ಅಗಲ ಕನಿಷ್ಠ ವ್ಯಾಸ ಮತ್ತು ಟೈರಿನ ದಪ್ಪ ಸೇರಿದಷ್ಟು ಬೇಕು: 632 ಮತ್ತು 205 ಸೇರಿ 837 ಮಿ.ಮೀ., ಅಂದರೆ 33 ಇಂಚು. ಅಂಗಡಿಯಲ್ಲಿ ದೊಡ್ಡದೆಂದು ಕೊಡುವ 30 ಇಂಚು ಅಗಲದ ಕಸದ ಚೀಲ ಇದಕ್ಕೆ ಹಿಡಿಯುವುದಿಲ್ಲ, ಎಳೆದು ತುರುಕಿದರೆ ಹೊಲಿಗೆಯಲ್ಲಿ ಬಿಟ್ಟುಕೊಳ್ಳುತ್ತದೆ. 36 ಇಂಚು ಅಗಲ, 48 ಇಂಚು ಉದ್ದದ್ದನ್ನು ಕೇಳಿ. 195/55 ಆರ್ 16, 225/45 ಆರ್ 17 ಅಳತೆಗೂ ಅದೇ ಸಾಕು.

ಅದು ಸಿಗದಿದ್ದರೆ ಹೊಲಕ್ಕೆ ಹಾಸುವ ಮಲ್ಚಿಂಗ್ ಶೀಟ್ ಒಳ್ಳೆಯ ಪರ್ಯಾಯ. ಮೆಣಸಿನಕಾಯಿ, ಕಲ್ಲಂಗಡಿ ಹಾಕಿದವರ ಬಳಿ ನಾಲ್ಕು ಅಡಿ ಅಗಲದ ರೋಲಿನಲ್ಲಿ ತುಂಡು ಉಳಿದಿರುತ್ತದೆ. ತೂತು ಹೊಡೆಯದ್ದನ್ನೇ ಕೇಳಿ. ಎಂಟು ಅಡಿ ಉದ್ದ ಕತ್ತರಿಸಿ, ನಡುವೆ ಮಡಚಿ, ಎರಡು ಪಕ್ಕವನ್ನು ಅಗಲವಾದ ಪ್ಯಾಕಿಂಗ್ ಟೇಪಿನಿಂದ ಮುಚ್ಚಿದರೆ ನಾಲ್ಕು ಅಡಿಯ ಚೌಕದ ಚೀಲ ಆಗುತ್ತದೆ. ಶೀಟು ತೆಳುವಾದ್ದರಿಂದ ಎರಡು ಪದರ ಮಾಡಿ, ಬೆಳ್ಳಿಬಣ್ಣದ ಮುಖ ಹೊರಗಿರಲಿ.

ರಿಮ್ ಸಮೇತ ಇಡುವುದಾದರೆ ಗಾಳಿ ತುಂಬುವ ವಾಲ್ವ್‌ನ ಕ್ಯಾಪ್ ಬಿಗಿಮಾಡಿ ಅದರ ಮೇಲೆ ಬಟ್ಟೆಯ ತುಂಡು ಸುತ್ತಿ, ಚೀಲ ಹರಿಯುವುದು ಅಲ್ಲಿಂದಲೇ. ಟೈರನ್ನು ಮಲಗಿಸಿ ಚೀಲಕ್ಕೆ ಇಳಿಸಿ. ಮನೆಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದರ ಕೊಳವೆಯನ್ನು ಚೀಲದ ಬಾಯಿಗೆ ತೂರಿಸಿ, ಸುತ್ತ ಕೈಯಲ್ಲಿ ಹಿಡಿದು ಅರ್ಧ ನಿಮಿಷ ಎಳೆಯಿರಿ. ಪ್ಲಾಸ್ಟಿಕ್ ಬಟನ್‌ಗಳ ಸಂದಿಗೆ ಅಂಟಿಕೊಂಡು ಟೈರಿನ ವಿನ್ಯಾಸವೇ ಹೊರಗೆ ಮೂಡುತ್ತದೆ, ಅಷ್ಟಾದರೆ ಸಾಕು. ಕ್ಲೀನರ್ ಇಲ್ಲದಿದ್ದರೆ ಕೆಳಗಿನಿಂದ ಮೇಲಕ್ಕೆ ಅಂಗೈಯಲ್ಲಿ ಒತ್ತುತ್ತ ಗಾಳಿ ಹೊರಡಿಸಿ. ಕೊಳವೆ ತೆಗೆದ ಕೂಡಲೇ ಗೋಣಿಚೀಲದ ಬಾಯಿ ತಿರುಚುವಂತೆ ತಿರುಚಿ, ಹಿಂದಕ್ಕೆ ಮಡಚಿ, ಟೇಪ್ ಸುತ್ತಿ. ಮಾರನೆಯ ದಿನ ಚೀಲ ಉಬ್ಬಿದ್ದರೆ ಎಲ್ಲೋ ತೂತಿದೆ, ಇನ್ನೊಂದು ಚೀಲದೊಳಗೆ ಇಳಿಸಿ.

ಚೀಟಿಯನ್ನು ಹೊರಗೆ ಅಂಟಿಸಿ: ಯಾವ ಚಕ್ರ, ಯಾವ ತಾರೀಕು, ಡಾಟ್ ಅಂಕಿ, ಬಟನ್‌ನ ಆಳ. ನುಸಿಗುಳಿಗೆಯನ್ನು ಚೀಲದೊಳಗೆ ಹಾಕಬೇಡಿ, ಅದರ ಆವಿ ರಬ್ಬರಿಗೆ ಒಳ್ಳೆಯದಲ್ಲ. ಸಿಲಿಕಾ ಜೆಲ್ ಹಾಕಿದರೆ ಅಡ್ಡಿಯಿಲ್ಲ, ಚೆನ್ನಾಗಿ ಒಣಗಿಸಿದ್ದರೆ ಬೇಕೆಂದೂ ಇಲ್ಲ.

ಜಾಗ

ಟೆರೇಸಿನ ಮೇಲಿನ ಶೀಟ್ ರೂಮು, ಕಾರ್ ಶೆಡ್ಡಿನ ಅಟ್ಟ, ನೀರಿನ ಟ್ಯಾಂಕಿನ ಕೆಳಗಿನ ಸಂದಿ. ಹಳೆಯ ಸಾಮಾನೆಲ್ಲ ಹೋಗಿ ಸೇರುವ ಈ ಮೂರೂ ಕಡೆ ಟೈರು ಇಡಬೇಡಿ. ಡಿಸೆಂಬರಿನಲ್ಲಿ ತಂಪಾಗಿಯೇ ಕಾಣುತ್ತವೆ. ಟೈರು ಏಪ್ರಿಲಿನಲ್ಲೂ ಅಲ್ಲೇ ಇರುತ್ತದೆ ಎಂಬುದು ಆಗ ನೆನಪಿಗೆ ಬರುವುದಿಲ್ಲ. ಕಪ್ಪು ಚೀಲ ಬಿಸಿಲಿಗೆ ಬಿದ್ದರೆ ಒಳಗೆ ಇನ್ನೂ ಕಾಯುತ್ತದೆ.

ನೆಲಮಹಡಿಯ ಒಳಕೋಣೆ, ಅದರಲ್ಲೂ ಪಶ್ಚಿಮದ ಗೋಡೆಗೆ ತಗಲದ ಮೂಲೆ ಒಳ್ಳೆಯದು. ಮೆಟ್ಟಿಲ ಕೆಳಗಿನ ಗೂಡು, ಮಂಚದ ಅಡಿ ಕೂಡ ಆಗಬಹುದು. ಹಳ್ಳಿಯಲ್ಲಿ ಮಾಳಿಗೆ ಮನೆ ಉಳಿಸಿಕೊಂಡವರು ಪುಣ್ಯವಂತರು: ದಪ್ಪ ಮಣ್ಣಿನ ಚಾವಣಿಯ ಕೆಳಗೆ ಬೇಸಿಗೆಯಲ್ಲೂ ತಂಪಿರುತ್ತದೆ, ಕಿಟಕಿಯೂ ಚಿಕ್ಕದು. ಸಂಶಯವಿದ್ದರೆ ಕೆಲವು ನೂರು ರೂಪಾಯಿಯ ಡಿಜಿಟಲ್ ಥರ್ಮಾಮೀಟರ್ ಆ ಮೂಲೆಯಲ್ಲಿಟ್ಟು ಮಧ್ಯಾಹ್ನ ಮೂರು ನಾಲ್ಕು ಗಂಟೆಗೆ ಒಂದು ವಾರ ನೋಡಿ. ನಮ್ಮ ಬೇಸಿಗೆಯಲ್ಲಿ 25 ಡಿಗ್ರಿ ಸಿಗುವುದು ಎಸಿ ಕೋಣೆಯಲ್ಲಿ ಮಾತ್ರ. 32ರೊಳಗೆ ಇದ್ದರೆ ತೃಪ್ತಿಪಟ್ಟುಕೊಳ್ಳಿ, 38 ದಾಟಿದರೆ ಜಾಗ ಬದಲಿಸಿ.

ನೆರೆಹೊರೆ ಯಾವುದೆಂದೂ ನೋಡಬೇಕು. ವಿದ್ಯುತ್ತಿನ ಕಿಡಿ ಹಾರುವ ಕಡೆಯಲ್ಲೆಲ್ಲ ಓಝೋನ್ ಹುಟ್ಟುತ್ತದೆ: ವೆಲ್ಡಿಂಗ್, ಕಾರ್ಬನ್ ಬ್ರಶ್ ಇರುವ ಡ್ರಿಲ್ಲು, ಕಟಿಂಗ್ ಮೆಷಿನ್ನು. ವರ್ಕ್‌ಶಾಪಿನ ಮೂಲೆ ಅದಕ್ಕೇ ಬೇಡ. ಇನ್ವರ್ಟರ್ ಬ್ಯಾಟರಿಯ ಪಕ್ಕ ಆಮ್ಲದ ಆವಿಯೂ ಬಿಸಿಯೂ ಇರುತ್ತದೆ. ತೋಟದ ಮನೆಯಾದರೆ ಇನ್ನಷ್ಟು ಎಚ್ಚರ. ಕೀಟನಾಶಕದ ಡಬ್ಬಿಗಳಲ್ಲಿ ದ್ರಾವಕ ಇರುತ್ತದೆ. ಚನ್ನಗಿರಿ ಕಡೆಯ ಅಡಿಕೆ ತೋಟದವರ ಉಗ್ರಾಣದಲ್ಲಿ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತದ ಚೀಲ ಸಾಮಾನ್ಯ. ಮೈಲುತುತ್ತ ಎಂದರೆ ತಾಮ್ರದ ಲವಣ, ತಾಮ್ರ ನೈಸರ್ಗಿಕ ರಬ್ಬರಿಗೆ ವಿಷವಿದ್ದಂತೆ, ಅದರ ಮುಪ್ಪಿನ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಒಂದೇ ಕೋಣೆಯಲ್ಲಿ ಇಡಲೇಬೇಕಾದರೆ ಅದರ ಪುಡಿ ಟೈರಿಗೆ ಸೋಕದಷ್ಟು ದೂರವಿರಲಿ.

ಮೆಕ್ಕೆಜೋಳ, ಭತ್ತದ ಮೂಟೆ ಇರುವ ಕೋಣೆಗೆ ಇಲಿ ಹೆಗ್ಗಣ ಬಂದೇ ಬರುತ್ತವೆ. ಅವು ರಬ್ಬರನ್ನು ತಿನ್ನುವುದಿಲ್ಲ, ಹಲ್ಲು ಸವೆಸಲು ಕಚ್ಚುತ್ತವೆ. ಬೀಡ್ ಅಂದರೆ ರಿಮ್‌ಗೆ ಕೂರುವ ಅಂಚಿನಲ್ಲಿ ಒಂದು ಕಚ್ಚು ಬಿದ್ದರೂ ಆ ಟೈರು ಗಾಳಿ ಹಿಡಿಯುವುದು ಸಂಶಯ. ಕಾಳಿನ ಕೋಣೆಯನ್ನು ಬಿಟ್ಟುಬಿಡಿ.

ಮಲಗಿಸುವುದೋ ನಿಲ್ಲಿಸುವುದೋ

ರಿಮ್ ಇದ್ದರೆ ಮಲಗಿಸಿ, ರಿಮ್ ಇಲ್ಲದಿದ್ದರೆ ನಿಲ್ಲಿಸಿ. ಉಳಿದ ಮಾತೆಲ್ಲ ಇದರ ವಿವರಣೆ.

ರಿಮ್ ಸಮೇತ ಇರುವ ಟೈರಿಗೆ ಒಳಗಿನ ಗಾಳಿಯೇ ಆಧಾರ. ಎಂದಿನ ಒತ್ತಡದಲ್ಲೇ ಇಟ್ಟು, ಒಂದರ ಮೇಲೊಂದು ನಾಲ್ಕರವರೆಗೆ ಪೇರಿಸಬಹುದು. 205 ಅಗಲದ ನಾಲ್ಕು ಸೇರಿ ಮೂರಡಿಯ ಒಳಗೆ ನಿಲ್ಲುತ್ತದೆ. ನಡುನಡುವೆ ರಟ್ಟು ಅಥವಾ ಹಳೆಯ ಬೆಡ್‌ಶೀಟ್ ಹಾಕಿ, ಅಲಾಯ್‌ನ ಮುಖ ಗೀರಬಾರದು. ಗೋಡೆಗೆ ಬಲವಾದ ಕೊಕ್ಕೆ ಹೊಡೆದು ರಿಮ್ ಹಿಡಿದು ತೂಗುಹಾಕುವುದೂ ಸರಿ.

ರಿಮ್ ಇಲ್ಲದ ಟೈರಿಗೆ ಆಧಾರವೇ ಇಲ್ಲ. ಪೇರಿಸಿಟ್ಟರೆ ಕೆಳಗಿನದು ಚಪ್ಪಟೆಯಾಗಿ ಎರಡು ಬೀಡ್‌ಗಳು ಹತ್ತಿರ ಬಂದುಬಿಡುತ್ತವೆ. ಆರು ತಿಂಗಳ ಬಳಿಕ ಅಂಗಡಿಗೆ ಒಯ್ದಾಗ ಕಂಪ್ರೆಸರ್ ಎಷ್ಟು ಊದಿದರೂ ಗಾಳಿ ಸಂದಿಯಿಂದ ಪುಸ್ ಎಂದು ಹೊರಹೋಗುತ್ತದೆ, ಬೀಡ್ ರಿಮ್‌ಗೆ ತಾಗುವುದೇ ಇಲ್ಲ. ತೂಗುಹಾಕಿದರೆ ಪೂರ್ತಿ ಭಾರ ಒಂದೇ ಕಡೆ ಬಿದ್ದು ಬೀಡ್ ಕೋಳಿಮೊಟ್ಟೆಯ ಆಕಾರವಾಗುತ್ತದೆ. ಆದ್ದರಿಂದ ನೆಲದಿಂದ ನಾಲ್ಕು ಇಂಚು ಎತ್ತರದ ಹಲಗೆಯ ಮೇಲೆ ಪುಸ್ತಕ ಜೋಡಿಸುವಂತೆ ನಿಲ್ಲಿಸಿ, ಆದರೆ ಒಂದಕ್ಕೊಂದು ಒತ್ತಬೇಡಿ. ತಿಂಗಳಿಗೊಮ್ಮೆ ಕಾಲು ಸುತ್ತು ಉರುಳಿಸಿ. ಅಮಾವಾಸ್ಯೆ ಪೂಜೆಯ ದಿನ ಎಂದು ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ. ಮೂರು ನಾಲ್ಕು ವಾರದ ಮಟ್ಟಿಗೆ ಪೇರಿಸಿದರೆ ಕೆಡುವುದಿಲ್ಲ, ಅದಕ್ಕಿಂತ ಹೆಚ್ಚು ಬೇಡ.

ಕಾರಿನಿಂದ ಬಿಚ್ಚಲಾಗದಿದ್ದರೆ

ನಿಂತ ಕಾರಿನ ಟೈರಿನ ದೊಡ್ಡ ಕಾಯಿಲೆ ಚಪ್ಪಟೆ ಕಲೆ, ಅಂದರೆ ನೆಲಕ್ಕೆ ಒತ್ತಿದ ಕಡೆ ಟೈರು ಚಪ್ಪಟೆಯಾಗಿಯೇ ಉಳಿಯುವುದು. 1,200 ಕೆ.ಜಿ.ಯ ಕಾರಾದರೆ ಅಂಗೈಯಗಲದ ಒಂದೊಂದು ತುಂಡಿನ ಮೇಲೆ 300 ಕೆ.ಜಿ. ಕೂತಿರುತ್ತದೆ. ವೇಗಕ್ಕೆಂದೇ ಮಾಡಿದ ವಿ, ಡಬ್ಲ್ಯೂ, ವೈ ದರ್ಜೆಯ ಟೈರುಗಳಲ್ಲಿ ಬಟನ್‌ನ ಕೆಳಗೆ ನೈಲಾನ್ ಪದರ ಇರುತ್ತದೆ. ಬಿಸಿಯಾಗಿದ್ದಾಗ ಹಿಡಿದ ಆಕಾರವನ್ನು ಅದು ತಣ್ಣಗಾದ ಮೇಲೂ ಬಿಡುವುದಿಲ್ಲ. ಹೆದ್ದಾರಿ 48ರಲ್ಲಿ ಜೋರಾಗಿ ಓಡಿಸಿ ಬಂದು, ಬಿಸಿ ಟೈರಿನಲ್ಲೇ ತಿಂಗಳುಗಟ್ಟಲೆ ನಿಲ್ಲಿಸುವುದು ಅದಕ್ಕೇ ಕೆಟ್ಟದ್ದು. ಟೈರು ತಣ್ಣಗಾದ ಮೇಲೆ ಕಾರನ್ನು ಒಂದಡಿ ಸರಿಸಿ ನಿಲ್ಲಿಸಿ.

ಒಂದು ತಿಂಗಳಿಗೆ ಮೀರಿ ನಿಲ್ಲುವುದಾದರೆ ಗಾಳಿಯ ಒತ್ತಡವನ್ನು ಎಂದಿನ 33 ಪಿಎಸ್‌ಐ ಬದಲು 40ರವರೆಗೆ ಏರಿಸಬಹುದು. ಸೈಡ್‌ವಾಲಿನಲ್ಲಿ ಬರೆದ ಗರಿಷ್ಠವನ್ನು ಮಾತ್ರ ದಾಟಬಾರದು. ಮನೆಯವರು ಯಾರಾದರೂ ಎರಡು ವಾರಕ್ಕೊಮ್ಮೆ ಕಾರನ್ನು ಅರ್ಧ ಚಕ್ರದಷ್ಟು ಮುಂದೆ ಹಿಂದೆ ಸರಿಸಿದರೆ ಇನ್ನೂ ಒಳ್ಳೆಯದು. ನಾಲ್ಕಾರು ತಿಂಗಳಾದರೆ ಜಾಕ್ ಸ್ಟ್ಯಾಂಡ್ ಮೇಲೆ ಏರಿಸಿ: ಪ್ರತಿ ಸ್ಟ್ಯಾಂಡಿನ ಅಡಿಗೆ ಮರದ ಹಲಗೆ, ಕಾರಿನ ಕೈಪಿಡಿ ತೋರಿಸಿದ ಜಾಗದಲ್ಲೇ ಆಧಾರ. ಬಿಸಿಲು ಬೀಳುವ ಬದಿಯ ಟೈರುಗಳಿಗೆ ದಪ್ಪ ಬಟ್ಟೆ ಹೊದಿಸಿ. ಕಾರ್ ಕವರ್ ಬಹಳ ಸಲ ಟೈರಿನ ಅರ್ಧಕ್ಕೇ ನಿಂತಿರುತ್ತದೆ, ದಕ್ಷಿಣ ಪಶ್ಚಿಮಕ್ಕೆ ಮುಖ ಮಾಡಿದ ಎರಡು ಟೈರು ಮಾತ್ರ ಬಿರುಕು ಬಿಡುವುದು ಇದರಿಂದಲೇ.

ನಿಜವಾದ ಚಳಿಯ ನಾಡಿನಲ್ಲಿ

ಲೇಹ್‌ಗೆ ಚಳಿಗಾಲದಲ್ಲಿ ಕಾರು ಒಯ್ಯುವವರಿಗೆ, ಜರ್ಮನಿಯಲ್ಲೋ ಕೆನಡಾದಲ್ಲೋ ಇರುವ ನಮ್ಮೂರ ಮಕ್ಕಳಿಗೆ ಲೆಕ್ಕ ಬೇರೆ. ಬೇಸಿಗೆಯ ಪರ್ಫಾರ್ಮೆನ್ಸ್ ಟೈರಿನ ರಬ್ಬರ್ 7 ಡಿಗ್ರಿಗಿಂತ ಕೆಳಗೆ ಬಿಗಿಯುತ್ತ ಹೋಗಿ ಹಿಡಿತ ಕಳೆದುಕೊಳ್ಳುತ್ತದೆ. ಸುಮಾರು ಮೈನಸ್ 7ಕ್ಕಿಂತ ಕೆಳಗೆ ಕೆಲವು ಟೈರುಗಳ ಬಟನ್ ಗಾಜಿನಂತೆ ಪೆಡಸಾಗುತ್ತದೆ. ಸುಮ್ಮನೆ ಇಟ್ಟರೆ ಏನೂ ಕಾಣದಿರಬಹುದು. ಎತ್ತಿ ನೆಲಕ್ಕೆ ಬಿಟ್ಟರೆ, ಬಾಗಿಸಿದರೆ, ಕಾರಿಗೆ ಹಾಕಿ ಉರುಳಿಸಿದರೆ ಬಟನ್‌ನ ಬುಡದಲ್ಲಿ ಸೀಳು ಬೀಳುತ್ತದೆ. ಆ ಸೀಳು ವಾರಂಟಿಯಲ್ಲೂ ಬರುವುದಿಲ್ಲ. ಅಲ್ಲಿ ಕಾರ್ ಗ್ಯಾರೇಜಿಗಿಂತ ಮನೆಯ ನೆಲಮಾಳಿಗೆ ಮೇಲು. ಹೆಪ್ಪುಗಟ್ಟಿದ ಟೈರು ಕೈಗೆ ಸಿಕ್ಕರೆ ಮುಟ್ಟದೆ, ಕೋಣೆಯ ಉಷ್ಣತೆಯಲ್ಲಿ 24 ಗಂಟೆ ಬಿಟ್ಟು ಆಮೇಲೆ ಎತ್ತಿ. ಜರ್ಮನಿಯಲ್ಲಿ ಅಕ್ಟೋಬರಿನಿಂದ ಈಸ್ಟರ್‌ವರೆಗೆ ಚಳಿ ಟೈರು ಎಂಬ ರೂಢಿಮಾತಿದೆ. ಹಿಮ, ಮಂಜುಗಡ್ಡೆಯ ರಸ್ತೆಗೆ ಬೆಟ್ಟದ ಚಿತ್ರದೊಳಗೆ ಹಿಮದ ಹರಳು ಇರುವ ಗುರುತಿನ ಟೈರನ್ನೇ ಹಾಕಬೇಕು.

ಮತ್ತೆ ಹಾಕುವಾಗ

ಚೀಲ ಬಿಚ್ಚಿ ಹಗಲಿನ ಬೆಳಕಿನಲ್ಲಿ ಸೈಡ್‌ವಾಲನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ ಹಿಗ್ಗಿಸಿ ನೋಡಿ. ಕೂದಲೆಳೆಯಂಥ ಮೇಲ್ಮೈ ಗೆರೆ ಇದ್ದರೆ ನಿಗಾ ಇಡಿ. ಉಗುರು ಇಳಿಯುವಷ್ಟು ಆಳದ್ದು, ಬಟನ್‌ನ ಬುಡದುದ್ದಕ್ಕೂ ಸಾಗಿದ್ದು ಕಂಡರೆ ಆ ಟೈರು ವೇಗಕ್ಕೆ ಬೇಡ. ಕಂದುಬಣ್ಣ ಕಂಡರೆ ಬಿಡಿ, ಅದು ಮೊದಲೇ ಹೇಳಿದ ರಕ್ಷಣೆಯ ಪದರ. ಡ್ಯೂರೋಮೀಟರ್ ಬರೆದಿಟ್ಟವರು ಅದೇ ಉಷ್ಣತೆಯಲ್ಲಿ ಮತ್ತೆ ಒತ್ತಿ: ಒಂದೆರಡು ಅಂಕಿ ಏರಿದ್ದರೆ ಸಹಜ, ಎಂಟು ಹತ್ತು ಏರಿದ್ದರೆ ಟ್ರ್ಯಾಕಿನಲ್ಲಿ ಹಳೆಯ ಹಿಡಿತ ನಿರೀಕ್ಷಿಸಬೇಡಿ.

ಗಾಳಿಯನ್ನು ಬೆಳಗ್ಗೆ ಟೈರು ತಣ್ಣಗಿರುವಾಗ ಅಳೆಯಿರಿ. ಸುಮ್ಮನೆ ಇಟ್ಟ ಟೈರು ತಿಂಗಳಿಗೆ ಒಂದೆರಡು ಪಿಎಸ್‌ಐ ಕಳೆದುಕೊಳ್ಳುವುದು ಸಹಜ, ಒಂದೇ ಟೈರು ಉಳಿದವಕ್ಕಿಂತ ಬಹಳ ಕಡಿಮೆ ತೋರಿದರೆ ವಾಲ್ವ್‌ಗೆ ಸೋಪಿನ ನೀರು ಹಾಕಿ ಗುಳ್ಳೆ ನೋಡಿ. 15 ಡಿಗ್ರಿಯ ಮುಂಜಾನೆ 33 ಇದ್ದದ್ದು 35 ಡಿಗ್ರಿಯ ಮಧ್ಯಾಹ್ನ, ಓಡದೆಯೇ, ಮೂರು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಆ ಹೊತ್ತಿನಲ್ಲಿ ಹೆಚ್ಚಾಯಿತೆಂದು ಗಾಳಿ ಬಿಡುವುದು ಬಹಳ ಜನ ಮಾಡುವ ತಪ್ಪು.

ಹಬ್‌ನ (ಚಕ್ರ ಕೂರುವ ಬುಡದ) ತುಕ್ಕನ್ನು ವೈರ್ ಬ್ರಶ್ಶಿನಿಂದ ಉಜ್ಜಿ, ಚಕ್ರ ಕೂರಿಸಿ, ನಟ್‌ಗಳನ್ನು ಕೈಯಲ್ಲೇ ತಿರುಗಿಸಿ ಶುರುಮಾಡಿ. ನಕ್ಷತ್ರದ ಆಕಾರದಲ್ಲಿ, ಒಂದು ಬಿಟ್ಟು ಒಂದು, ಎರಡು ಹಂತದಲ್ಲಿ ಬಿಗಿಯಿರಿ. ಟಾರ್ಕ್ ಕಾರಿನ ಕೈಪಿಡಿಯಲ್ಲಿದೆ, ಸ್ಕೋಡಾ ಮತ್ತು ಫೋಕ್ಸ್‌ವ್ಯಾಗನ್‌ನ 14 ಮಿ.ಮೀ. ಬೋಲ್ಟಿಗೆ 120 ನ್ಯೂಟನ್ ಮೀಟರ್. ಅಂಗಡಿಯ ಗಾಳಿ ಗನ್ನಿಗೆ ಬಿಡಬೇಡಿ, ಟಾರ್ಕ್ ರೆಂಚ್ ಕೇಳಿ.

ಮೊದಲ ಹತ್ತು ಹದಿನೈದು ಕಿ.ಮೀ. ನಿಧಾನವಾಗಿ ಹೋಗಿ. ಸ್ಟೀರಿಂಗ್ ಸಣ್ಣಗೆ ಅದುರಿದರೆ ಹೆದರಬೇಡಿ, ಚಪ್ಪಟೆ ಕಲೆ ಇದ್ದರೆ ಟೈರು ಬಿಸಿಯಾಗುತ್ತಿದ್ದಂತೆ ಹೋಗುತ್ತದೆ. ಅರ್ಧ ಗಂಟೆ ಓಡಿದ ಮೇಲೂ ಅದುರುತ್ತಿದ್ದರೆ ಬ್ಯಾಲೆನ್ಸಿಂಗ್ ಮಾಡಿಸಿ, ಅದಕ್ಕೂ ಬಗ್ಗದಿದ್ದರೆ ಕಲೆ ಶಾಶ್ವತ. ಹಾಕಿದ ಚಕ್ರದ ನಟ್‌ಗಳನ್ನು 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು. ದಾವಣಗೆರೆಯಿಂದ ಬೆಂಗಳೂರಿನ ಕಡೆ ಹೊರಟಿದ್ದರೆ ಹಿರಿಯೂರಿನಲ್ಲಿ ಊಟಕ್ಕೆ ನಿಲ್ಲಿಸುವ ಹೊತ್ತಿಗೆ ಅಷ್ಟು ದೂರ ಆಗಿರುತ್ತದೆ. ಊಟ ಮುಗಿಸಿ, ಚಕ್ರ ತಣ್ಣಗಾಗಿದ್ದಾಗ, ಟಾರ್ಕ್ ರೆಂಚ್ ತೆಗೆದು ಎಲ್ಲ ನಟ್‌ಗಳನ್ನೂ ಒಮ್ಮೆ ಮುಟ್ಟಿ ನೋಡಿ ಮುಂದೆ ಹೋಗಿ.